ಚಿಕ್ಕ ಲೆನ್ಸ್ ಲ್ಯಾಬ್‌ಗೆ ಯಂತ್ರ ಕೊಳ್ಳುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡಕದ ಲೆನ್ಸ್ ತಯಾರಿಸುವ ಲ್ಯಾಬ್ ತೆರೆಯಲು ಹೊರಟವರು ನನ್ನ ಬಳಿ ಬಂದಾಗ ಅವರ ಕೈಯಲ್ಲಿ ಯಂತ್ರದ ಕ್ಯಾಟಲಾಗ್ ಇರುತ್ತದೆ, ಆರ್ಡರ್ ಪುಸ್ತಕ ಇರುವುದಿಲ್ಲ. ಇರಬೇಕಾದದ್ದು ಅದರ ತಿರುಗುಮುರುಗು. ದಿನಕ್ಕೆ ಹತ್ತಿಪ್ಪತ್ತು ಜೋಡಿಯಿಂದ ಹಿಡಿದು ನೂರು ಜೋಡಿಯವರೆಗೆ ಕೆಲಸ ಮಾಡುವ ಲ್ಯಾಬ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿನ ಉತ್ತರಗಳನ್ನು ಬರೆದಿದ್ದೇನೆ. ಕ್ಯಾಮೆರಾ ಮತ್ತು ದೂರದರ್ಶಕದ ಲೆನ್ಸ್‌ಗಳ ಮಾತು ಬೇರೆ, ಅದಕ್ಕೆ ಇಲ್ಲಿ ಕೈ ಹಾಕಿಲ್ಲ. ‘ಮಸೂರ’ ಎಂಬ ಚಂದದ ಪದ ಪಠ್ಯಪುಸ್ತಕದಲ್ಲಿದೆ. ಲ್ಯಾಬಿನೊಳಗೆ ಅದನ್ನು ಬಳಸಿದವರನ್ನು ನಾನು ಕಂಡಿಲ್ಲ, ಆದ್ದರಿಂದ ಇಲ್ಲೂ ಲೆನ್ಸ್ ಎಂದೇ ಬರೆಯುತ್ತೇನೆ.

ಮೊದಲು ಯಾವ ಯಂತ್ರ ಕೊಳ್ಳಬೇಕು?

ಯಾವುದನ್ನೂ ಬೇಡ. ಹಿಂದಿನ ಮೂರು ತಿಂಗಳ ಆರ್ಡರ್‌ಗಳನ್ನು ಎದುರಿಗಿಟ್ಟುಕೊಂಡು ಕೂತು ಎಣಿಸಿ. ಸ್ವಂತ ಅಂಗಡಿ ಇಲ್ಲದಿದ್ದರೆ, ಕೆಲಸ ಕೊಡುವುದಾಗಿ ಮಾತು ಕೊಟ್ಟ ಅಂಗಡಿಗಳಿಂದ ಆ ಲೆಕ್ಕ ಕೇಳಿ ಪಡೆಯಿರಿ. ಒಂದು ಕಾಗದದ ಮೇಲೆ ನಾಲ್ಕು ಅಂಕಣ ಎಳೆಯಿರಿ: ಎರಡೂ ಬದಿ ಸಿದ್ಧವಾಗಿ ಬರುವ ಸ್ಟಾಕ್ ಲೆನ್ಸ್‌ನಲ್ಲಿ ಮುಗಿಯುವ ಸಿಂಗಲ್ ವಿಷನ್ (ಇಡೀ ಲೆನ್ಸ್‌ಗೆ ಒಂದೇ ಪವರ್), ಸ್ಟಾಕ್‌ನಲ್ಲಿ ಸಿಗದ ಸಿಂಗಲ್ ವಿಷನ್, ಬೈಫೋಕಲ್ (ದೂರಕ್ಕೊಂದು, ಓದಲೊಂದು ಪವರ್), ಪ್ರೋಗ್ರೆಸಿವ್ (ಮೇಲಿನಿಂದ ಕೆಳಕ್ಕೆ ಪವರ್ ಮೆಲ್ಲನೆ ಬದಲಾಗುವುದು). ಪ್ರತಿ ಆರ್ಡರ್‌ಗೂ ಲೆನ್ಸ್ ಯಾವ ವಸ್ತುವಿನದು, ಫ್ರೇಮ್ ಯಾವ ಬಗೆಯದು ಎಂಬುದನ್ನೂ ಗುರುತು ಹಾಕಿ.

ಹೀಗೆ ಎಣಿಸಿದ ಹೆಚ್ಚಿನವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಪವರ್ 6.00 ಡಯಾಪ್ಟರ್‌ನೊಳಗೆ (ಪವರ್ ಅಳೆಯುವ ಮಾನ ಡಯಾಪ್ಟರ್), ಸಿಲಿಂಡರ್, ಅಂದರೆ ಒಂದು ದಿಕ್ಕಿನಲ್ಲಿ ಮಾತ್ರ ಬೇಕಾಗುವ ಹೆಚ್ಚುವರಿ ಪವರ್, 2.00ರೊಳಗೆ ಇರುವ ಸಾಮಾನ್ಯ ಸಿಂಗಲ್ ವಿಷನ್ ಸ್ಟಾಕ್‌ನಲ್ಲೇ ಸಿಗುತ್ತದೆ. ನಿಮ್ಮ ಪಟ್ಟಿಯ ಬಹುಪಾಲು ಅದೇ ಆಗಿದ್ದರೆ ನಿಮಗೆ ಬೇಕಾಗಿರುವುದು ಲೆನ್ಸನ್ನು ಫ್ರೇಮ್‌ನ ಆಕಾರಕ್ಕೆ ಕತ್ತರಿಸುವ ಫಿಟ್ಟಿಂಗ್ ಲ್ಯಾಬ್ ಮಾತ್ರ. ಪವರ್ ಅನ್ನೇ ಕಡೆಯುವ ಸರ್ಫೇಸಿಂಗ್ ಲ್ಯಾಬ್ ಸದ್ಯಕ್ಕೆ ಬೇಕಾಗಿಲ್ಲ. ಇವೆರಡರ ನಡುವಿನ ಖರ್ಚಿನ ಅಂತರ ಸೈಕಲ್ಲಿಗೂ ಲಾರಿಗೂ ಇರುವಷ್ಟು.

ಸರ್ಫೇಸಿಂಗ್ ಎಂದರೆ ಸರಿಯಾಗಿ ಏನು? ಅದಕ್ಕೆ ಕನಿಷ್ಠ ಏನೇನು ಬೇಕು?

ಒಂದು ಲೆನ್ಸ್‌ನ ಹಿಂದೆಯೇ ನಡೆದು ನೋಡೋಣ. ಕಾರ್ಖಾನೆಯಿಂದ ಬರುವ ‘ಸೆಮಿ-ಫಿನಿಶ್ಡ್ ಬ್ಲ್ಯಾಂಕ್’ ದಪ್ಪನೆಯ ಬಿಲ್ಲೆ. ಅದರ ಮುಂಬದಿ ಸಿದ್ಧವಾಗಿರುತ್ತದೆ, ಹಿಂಬದಿಯನ್ನು ನಾವು ಕಡೆಯಬೇಕು. ಮುಂಬದಿಗೆ ಗೀರು ಬೀಳದಂತೆ ಟೇಪ್ ಅಂಟಿಸುತ್ತೇವೆ. ಬ್ಲಾಕರ್‌ನಲ್ಲಿಟ್ಟು ಲೋಹದ ಅಥವಾ ಪ್ಲಾಸ್ಟಿಕ್ಕಿನ ಹಿಡಿಕೆಯೊಂದನ್ನು ಕೂರಿಸುತ್ತೇವೆ. ಜನರೇಟರ್ ಎಂಬ ಯಂತ್ರ ಹಿಂಬದಿಯನ್ನು ಬೇಕಾದ ವಕ್ರತೆಗೆ ಕಡೆಯುತ್ತದೆ. (ಕರೆಂಟ್ ಹೋದಾಗ ಓಡಿಸುವ ಜನರೇಟರ್ ಅಲ್ಲ. ಹೊಸದಾಗಿ ಸೇರಿದ ಹುಡುಗನೊಬ್ಬ ಇದಕ್ಕೆ ಡೀಸೆಲ್ ಎಲ್ಲಿ ಹಾಕುವುದೆಂದು ಕೇಳಿದ್ದು ನಮ್ಮಲ್ಲಿ ಇಂದಿಗೂ ನಗೆಯ ವಸ್ತು.) ಆಮೇಲೆ ಒರಟನ್ನು ಉಜ್ಜಿ ತೆಗೆಯುವ ಫೈನಿಂಗ್, ಕೊನೆಗೆ ಪಾಲಿಶ್. ಹಿಡಿಕೆ ಬಿಡಿಸಿ, ತೊಳೆದು, ಪವರ್ ತೋರಿಸುವ ಲೆನ್ಸೋಮೀಟರ್‌ನಲ್ಲಿ ಅಳೆದು, ಹಿಂಬದಿಗೆ ಗೀರು ತಡೆಯುವ ಹಾರ್ಡ್ ಕೋಟ್ ಹಾಕಿದರೆ, ಫ್ರೇಮ್‌ನ ಆಕಾರಕ್ಕೆ ಕತ್ತರಿಸುವ ಎಡ್ಜರ್‌ಗೆ ಹೋಗಲು ಲೆನ್ಸ್ ಸಿದ್ಧ.

ಹಾಗಾಗಿ ಕನಿಷ್ಠ ಪಟ್ಟಿ ಎಂದರೆ ಬ್ಲಾಕರ್, ಜನರೇಟರ್, ಫೈನಿಂಗ್ ಮತ್ತು ಪಾಲಿಶ್ ಯಂತ್ರ, ಹಿಡಿಕೆ ಬಿಡಿಸುವ ವ್ಯವಸ್ಥೆ, ಹಾರ್ಡ್ ಕೋಟರ್, ಅಳತೆಯ ಉಪಕರಣಗಳು, ಜೊತೆಗೆ ಲೆಕ್ಕ ಹಾಕುವ ಸಾಫ್ಟ್‌ವೇರ್. ಇವುಗಳಲ್ಲಿ ಒಂದು ದುರ್ಬಲವಾಗಿದ್ದರೆ ಉಳಿದವು ಎಷ್ಟು ದುಬಾರಿಯಾದರೂ ಲೆನ್ಸ್ ಆ ದುರ್ಬಲ ಯಂತ್ರದ ಮಟ್ಟದಲ್ಲೇ ಹೊರಬರುತ್ತದೆ.

ಹಳೆಯ ಪದ್ಧತಿಯ ಯಂತ್ರ ಸಾಕೇ, ಫ್ರೀಫಾರ್ಮ್ ಬೇಕೇ?

ಪ್ರೋಗ್ರೆಸಿವ್ ಅಂಕಣದಲ್ಲಿ ಎಷ್ಟು ಗುರುತುಗಳಿವೆ ಎಂಬುದರ ಮೇಲೆ ಇದು ನಿಂತಿದೆ.

ಹಳೆಯ ಪದ್ಧತಿಯಲ್ಲಿ ಬಟ್ಟಲಿನಾಕಾರದ ವಜ್ರದ ಚಕ್ರ ಲೆನ್ಸನ್ನು ಕಡೆಯುತ್ತದೆ. ಚಕ್ರವನ್ನು ಓರೆಯಾಗಿ ನಿಲ್ಲಿಸಿ ಸಿಲಿಂಡರ್ ಕಡೆಯುವುದರಿಂದ ಒಂದು ದಿಕ್ಕಿನ ವಕ್ರತೆ ಶುದ್ಧ ವೃತ್ತವಾಗದೆ ಸ್ವಲ್ಪ ಅಂಡಾಕಾರವಾಗುತ್ತದೆ. ಆ ತಪ್ಪನ್ನು ಫೈನಿಂಗ್‌ನಲ್ಲಿ ಉಜ್ಜಿಯೇ ಸರಿಪಡಿಸಬೇಕು. ಅದಕ್ಕಾಗಿ ಪ್ರತಿ ವಕ್ರತೆಗೂ ಒಂದೊಂದು ಗಟ್ಟಿ ಟೂಲ್, ಅಂದರೆ ಅದೇ ವಕ್ರತೆಯ ಉಜ್ಜುವ ಅಚ್ಚು, ಇರಬೇಕು. ಯಂತ್ರ ಸರಳ, ರಿಪೇರಿ ಸುಲಭ. ಸಿಂಗಲ್ ವಿಷನ್‌ಗೆ ಮತ್ತು ಬೈಫೋಕಲ್‌ಗೆ ಧಾರಾಳವಾಗಿ ಸಾಕು.

ಫ್ರೀಫಾರ್ಮ್ ಜನರೇಟರ್ ಮೊದಲು ಮಿಲ್ಲಿಂಗ್ ಕಟರ್‌ನಿಂದ ಒರಟಾಗಿ ಕಡೆದು, ನಂತರ ಒಂದೇ ವಜ್ರದ ಮೊನೆಯಿಂದ ಲೆನ್ಸ್ ತಿರುಗುತ್ತಿರುವಾಗಲೇ ಒಳಗೂ ಹೊರಗೂ ಆಡುತ್ತ ಯಾವ ಆಕಾರವನ್ನಾದರೂ ಕೆತ್ತುತ್ತದೆ. ಗಟ್ಟಿ ಟೂಲ್ ಇಲ್ಲಿ ನಿಷಿದ್ಧ. ಉಜ್ಜಿದರೆ ಕಷ್ಟಪಟ್ಟು ಕೆತ್ತಿದ ಆಕಾರವೇ ಅಳಿಸಿಹೋಗುತ್ತದೆ. ಮೆತ್ತನೆಯ, ಲೆನ್ಸ್‌ಗಿಂತ ಚಿಕ್ಕದಾದ ಪಾಲಿಶ್ ಟೂಲ್ ಮೇಲ್ಮೈಯನ್ನು ಸವರಿಕೊಂಡು ಹೋಗುತ್ತದೆ.

ಫ್ರೀಫಾರ್ಮ್‌ನ ನಿಜವಾದ ಲಾಭ ಜಾಹೀರಾತಿನಲ್ಲಿ ಕಾಣುವುದಿಲ್ಲ, ಗೋದಾಮಿನಲ್ಲಿ ಕಾಣುತ್ತದೆ. ಹಳೆಯ ಪದ್ಧತಿಯಲ್ಲಿ ಪ್ರೋಗ್ರೆಸಿವ್ ವಿನ್ಯಾಸ ಬ್ಲ್ಯಾಂಕ್‌ನ ಮುಂಬದಿಯಲ್ಲೇ ಅಚ್ಚಾಗಿ ಬರುತ್ತದೆ. ಐದು ಬೇಸ್ ಕರ್ವ್ (ಮುಂಬದಿಯ ವಕ್ರತೆ), 0.75ರಿಂದ 3.50ರವರೆಗೆ ಹನ್ನೆರಡು ಅಡಿಷನ್ (ಓದಲು ಸೇರಿಸುವ ಪವರ್), ಬಲಗಣ್ಣು ಮತ್ತು ಎಡಗಣ್ಣು ಎಂದು ಗುಣಿಸಿದರೆ ಒಂದೇ ವಿನ್ಯಾಸಕ್ಕೆ, ಒಂದೇ ವಸ್ತುವಿನಲ್ಲಿ 120 ಬಗೆಯ ಬ್ಲ್ಯಾಂಕ್ ಬೇಕು. ಫ್ರೀಫಾರ್ಮ್‌ನಲ್ಲಿ ವಿನ್ಯಾಸವನ್ನು ಹಿಂಬದಿಗೆ ಕೆತ್ತುವುದರಿಂದ ಐದಾರು ಬಗೆಯ ಗೋಳಾಕಾರದ ಬ್ಲ್ಯಾಂಕ್‌ಗಳಲ್ಲಿ ಅಷ್ಟೂ ಕೆಲಸ ಸಾಗುತ್ತದೆ. ಸಾಲದ ಬಡ್ಡಿ ಲೆಕ್ಕ ಹಾಕುವಾಗ ಈ ದಾಸ್ತಾನಿನ ಉಳಿತಾಯವನ್ನೂ ಸೇರಿಸಿಕೊಳ್ಳಿ.

ಆದರೆ ಫ್ರೀಫಾರ್ಮ್ ಎಂದರೆ ಒಂದು ಯಂತ್ರವಲ್ಲ, ಒಂದು ಸಂಸಾರ. ವಿನ್ಯಾಸದ ಲೆಕ್ಕ ಹಾಕುವ ಸಾಫ್ಟ್‌ವೇರ್ ಬೇಕು, ಪ್ರತಿ ಲೆನ್ಸ್‌ಗೂ ವಿನ್ಯಾಸದ ಶುಲ್ಕ ಕಟ್ಟಬೇಕಾಗಬಹುದು, ಗುರುತು ಕೆತ್ತಲು ಲೇಸರ್ ಬೇಕು. ಪ್ರೋಗ್ರೆಸಿವ್ ಲೆನ್ಸ್‌ನ ಮೇಲೆ 34 ಮಿ.ಮೀ. ಅಂತರದಲ್ಲಿ ಎರಡು ಶಾಶ್ವತ ಗುರುತುಗಳಿರಬೇಕು. ಫಿಟ್ಟಿಂಗ್ ಮಾಡುವವನಿಗೆ ಅವೇ ದಿಕ್ಸೂಚಿ. ದಿನಕ್ಕೆ ಮೂರ‍್ನಾಲ್ಕು ಪ್ರೋಗ್ರೆಸಿವ್ ಬರುವವರಿಗೆ ಹೊರಗಿನ ಲ್ಯಾಬ್‌ನಿಂದ ತರಿಸುವುದೇ ಜಾಣತನ ಎಂಬುದು ನನ್ನ ಅಭಿಪ್ರಾಯ. ಯಂತ್ರ ಮಾರುವವರು ಒಪ್ಪುವುದಿಲ್ಲ.

ಹಳೆಯ ಪದ್ಧತಿಗೆ ಎಷ್ಟು ಟೂಲ್ ಬೇಕಾಗುತ್ತದೆ?

ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು. ಟೂಲ್‌ನ ಒಂದು ದಿಕ್ಕಿನ ವಕ್ರತೆ 4.00ರಿಂದ 8.00ರವರೆಗೆ, ಸಿಲಿಂಡರ್ 0ಯಿಂದ 4.00ರವರೆಗೆ, ಎರಡೂ 0.25ರ ಹೆಜ್ಜೆಯಲ್ಲಿ ಎಂದಿಟ್ಟುಕೊಳ್ಳಿ. ಹದಿನೇಳನ್ನು ಹದಿನೇಳರಿಂದ ಗುಣಿಸಿದರೆ 289. ಹೆಜ್ಜೆಯನ್ನು ಎಂಟನೇ ಒಂದು ಡಯಾಪ್ಟರ್‌ಗೆ ಇಳಿಸಿದರೆ 33 ಇಂಟು 33, ಅಂದರೆ 1,089. ಎರಡು ಲೆನ್ಸನ್ನು ಒಟ್ಟಿಗೆ ಉಜ್ಜುವ ಯಂತ್ರಕ್ಕೆ ಒಂದೇ ಬಗೆಯ ಜೋಡಿ ಟೂಲ್ ಬೇಕಾಗುವ ಸಂದರ್ಭಗಳೂ ಬರುತ್ತವೆ. ಇಷ್ಟನ್ನು ಜೋಡಿಸಿಡಲು ಒಂದು ಗೋಡೆ ಪೂರ್ತಿ ಬೇಕು, ಆ ಗೋಡೆಯನ್ನು ಯಾರೂ ನಕ್ಷೆಯಲ್ಲಿ ತೋರಿಸಿರುವುದಿಲ್ಲ.

ಟೂಲ್ ಕೊಳ್ಳುವಾಗ ಎರಡು ಸಂಗತಿ ಕೇಳಿ. ಮೊದಲನೆಯದು, ಅವುಗಳ ಮೇಲಿನ ಸಂಖ್ಯೆ ಯಾವ ಇಂಡೆಕ್ಸ್‌ಗೆ (ವಸ್ತು ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಎಂಬ ಸಂಖ್ಯೆ) ಬರೆದದ್ದು. ಟೂಲ್‌ಗಳಿಗೆ ವಾಡಿಕೆಯ ಇಂಡೆಕ್ಸ್ 1.53. 6.00 ಎಂದು ಬರೆದ ಟೂಲ್‌ನ ತ್ರಿಜ್ಯ 530 ಭಾಗಿಸು 6, ಸುಮಾರು 88.3 ಮಿ.ಮೀ. ಅದೇ ವಕ್ರತೆ ಸಿಆರ್-39 ಎಂಬ ಸಾಮಾನ್ಯ ಪ್ಲಾಸ್ಟಿಕ್ ಲೆನ್ಸ್‌ನಲ್ಲಿ (ಇಂಡೆಕ್ಸ್ 1.498) ಕೊಡುವ ಪವರ್ 498 ಭಾಗಿಸು 88.3, ಅಂದರೆ 5.64 ಮಾತ್ರ. ಮೇಲ್ಮೈಯ ವಕ್ರತೆ ಅಳೆಯುವ ಲೆನ್ಸ್ ಕ್ಲಾಕ್ ತೋರಿಸುವ ಸಂಖ್ಯೆಗೂ ಇದೇ ಮಾತು ಅನ್ವಯಿಸುತ್ತದೆ. ಇದು ಗೊತ್ತಿಲ್ಲದೆ ಇಡೀ ದಿನದ ಕೆಲಸವನ್ನು ತಿಪ್ಪೆಗೆ ಹಾಕಿದ ಲ್ಯಾಬ್‌ಗಳಿವೆ. ಎರಡನೆಯದು, ಟೂಲ್‌ಗೆ ಅಂಟಿಸುವ ಪ್ಯಾಡ್‌ನ ದಪ್ಪವನ್ನು ಕಳೆದು ಕಡೆದಿದ್ದಾರೆಯೇ. ಪ್ಯಾಡ್‌ನ ದಪ್ಪ ಬದಲಾದರೆ ವಕ್ರತೆಯೂ ಬದಲಾಗುತ್ತದೆ. ಅಗ್ಗದ ಪ್ಯಾಡ್ ಸಿಕ್ಕಿತೆಂದು ನಡುವೆ ಬದಲಾಯಿಸಿದವರಿಗೆ ಪವರ್ ಏಕೆ ಹೊಯ್ದಾಡುತ್ತಿದೆ ಎಂದು ತಿಳಿಯಲು ವಾರ ಹಿಡಿಯುತ್ತದೆ.

ಬ್ಲಾಕಿಂಗ್‌ಗೆ ಲೋಹವೇ, ಮೇಣವೇ, ಅಂಟೇ?

ಬ್ಲಾಕರ್ ಕೊಳ್ಳುವಾಗ ಜನ ಕೈ ಬಿಗಿ ಹಿಡಿಯುತ್ತಾರೆ. ‘ಹಿಡಿಕೆ ಅಂಟಿಸುವುದಷ್ಟೇ ತಾನೇ’ ಎನ್ನುತ್ತಾರೆ. ಲೆನ್ಸ್ ಹಾಳಾದಾಗ ನಾನು ಮೊದಲು ಹೋಗಿ ನೋಡುವುದು ಆ ಮೇಜನ್ನೇ. ಪ್ರಿಸಂ ತಪ್ಪು (ಬೆಳಕು ಒಂದು ಬದಿಗೆ ವಾಲುವುದು), ಆಕ್ಸಿಸ್ ತಪ್ಪು (ಸಿಲಿಂಡರ್‌ನ ದಿಕ್ಕು ಸರಿಯುವುದು), ಅಲೆಅಲೆಯಾದ ಮೇಲ್ಮೈ ಇವುಗಳಲ್ಲಿ ದೊಡ್ಡ ಪಾಲು ಹುಟ್ಟುವುದು ಅಲ್ಲಿ, ಬೈಸಿಕೊಳ್ಳುವುದು ಮಾತ್ರ ಜನರೇಟರ್.

ಕಡಿಮೆ ಉಷ್ಣತೆಯಲ್ಲಿ ಕರಗುವ ಮಿಶ್ರಲೋಹ ಹಳೆಯ, ನಂಬಿಕಸ್ಥ ವಿಧಾನ. ಬಹಳ ಬಳಕೆಯಲ್ಲಿರುವ ಒಂದು ಮಿಶ್ರಣ 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಬಿಸಿನೀರಿನಲ್ಲಿ ಕರಗಿಸಿ ಮತ್ತೆ ಮತ್ತೆ ಬಳಸಬಹುದು. ಹಿಡಿತ ಭದ್ರ, ವೆಚ್ಚ ಕಡಿಮೆ. ತೊಂದರೆ ಅದರೊಳಗೇ ಇದೆ. ಬಿಸ್ಮತ್, ತವರ, ಇಂಡಿಯಂ ಜೊತೆಗೆ ಸೀಸ ಮತ್ತು ಕ್ಯಾಡ್ಮಿಯಂ ಸೇರಿಯೇ ಅದು ಅಷ್ಟು ಬೇಗ ಕರಗುವುದು. ಬರಿಗೈಯಲ್ಲಿ ಮುಟ್ಟಿ ತಿಂಡಿ ತಿನ್ನುವ ಅಭ್ಯಾಸ, ತೊಳೆದ ನೀರನ್ನು ಮೋರಿಗೆ ಬಿಡುವ ಅಭ್ಯಾಸ ಎರಡೂ ಅಪಾಯಕಾರಿ. ಲೋಹವನ್ನೇ ಬಳಸುವುದಾದರೆ ಕೈಗವಸು, ಪ್ರತ್ಯೇಕ ತೊಟ್ಟಿ, ತಳದಲ್ಲಿ ಕೂತ ಚೂರುಗಳನ್ನು ಒಟ್ಟುಮಾಡಿ ಮರಳಿಸುವ ಏರ್ಪಾಟು ಮೊದಲ ದಿನದಿಂದಲೇ ಇರಲಿ.

ಲೋಹದ ಇನ್ನೊಂದು ಗುಣ ತಾಳ್ಮೆ ಬೇಡುವುದು. ಬಿಸಿ ಲೋಹ ತಣಿಯುವಾಗ ಕುಗ್ಗುತ್ತದೆ, ಲೆನ್ಸನ್ನೂ ಎಳೆಯುತ್ತದೆ. ಕಡೆಯುವಾಗ ಮೇಲ್ಮೈ ನಿಖರವಾಗಿದ್ದರೂ, ಹಿಡಿಕೆ ಬಿಡಿಸಿದ ಕೂಡಲೇ ಲೆನ್ಸ್ ತನ್ನ ಮೂಲ ಆಕಾರಕ್ಕೆ ಮರಳಿ, ಪವರ್ ಬದಲಾಗುತ್ತದೆ. ಮಧ್ಯದಲ್ಲಿ ಒಂದೂವರೆ ಮಿ.ಮೀ. ಉಳಿಯಬೇಕಾದ ತೆಳು ಮೈನಸ್ ಲೆನ್ಸ್‌ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಬ್ಲಾಕ್ ಮಾಡಿ ಕಾಲು ಗಂಟೆಯಾದರೂ ಬಿಡಿ, ಆಮೇಲೆ ಜನರೇಟರ್‌ಗೆ ಕೊಡಿ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವ ಗಾದೆ ಈ ಮೇಜಿಗೆಂದೇ ಹುಟ್ಟಿದ್ದಿರಬೇಕು.

ಮೇಣದಲ್ಲಿ ವಿಷದ ಲೋಹವಿಲ್ಲ, ಆದರೆ ಲೋಹದಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಕೋಣೆ ಬಿಸಿಯಾಗಿದ್ದರೆ ಇನ್ನಷ್ಟು ಮೆತ್ತಗಾಗುತ್ತದೆ. ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ಅಂಟು ಸ್ವಚ್ಛ, ಬಿಸಿಯೂ ಕಡಿಮೆ. ಯಂತ್ರ ದುಬಾರಿ, ಪ್ರತಿ ಲೆನ್ಸ್‌ಗೂ ಅಂಟಿನ ಖರ್ಚು ಇದೆ, ಬಿಡಿಸಲು ಬೇರೆ ವ್ಯವಸ್ಥೆ ಬೇಕು. ಇಂದು ಹೊಸದಾಗಿ ಫ್ರೀಫಾರ್ಮ್ ಲ್ಯಾಬ್ ಕಟ್ಟುವವರಿಗೆ ಲೋಹವಿಲ್ಲದ ದಾರಿಯನ್ನೇ ಹೇಳುತ್ತೇನೆ. ಹಳೆಯ ಯಂತ್ರಗಳನ್ನು ಕೂಡಿಸಿಕೊಂಡು ನಡೆಸುವವರು ಎಚ್ಚರಿಕೆಯಿಂದ ಲೋಹದಲ್ಲೇ ಮುಂದುವರಿಯಬಹುದು.

ಪಾಲಿಶ್ ಯಂತ್ರದಲ್ಲಿ ಏನು ನೋಡಬೇಕು?

ಯಂತ್ರಕ್ಕಿಂತ ಅದರ ತೊಟ್ಟಿಯನ್ನು ನೋಡಿ. ಪ್ಲಾಸ್ಟಿಕ್ ಲೆನ್ಸ್‌ಗೆ ಪಾಲಿಶ್ ಎಂದರೆ ಅಲ್ಯೂಮಿನಿಯಂ ಆಕ್ಸೈಡ್‌ನ ನುಣುಪಾದ ಪುಡಿ ಬೆರೆತ ಹಾಲಿನಂಥ ದ್ರವ, ಸ್ಲರಿ ಎನ್ನುತ್ತೇವೆ. ಅದು ತಣ್ಣಗಿರಬೇಕು, ಸರಿಯಾದ ಸಾಂದ್ರತೆಯಲ್ಲಿರಬೇಕು, ಅದರೊಳಗೆ ಕಸ ಇರಬಾರದು. ತಣ್ಣಗಿಡಲು ಚಿಲ್ಲರ್, ಸಾಂದ್ರತೆ ನೋಡಲು ಬೊಮೆ ಹೈಡ್ರೋಮೀಟರ್, ಕಸಕ್ಕೆ ಸೋಸುಬಟ್ಟೆ. ಚಿಲ್ಲರ್ ಇಲ್ಲದೆ ಮಧ್ಯಾಹ್ನದ ಹೊತ್ತಿಗೆ ಸ್ಲರಿ ಬೆಚ್ಚಗಾಗುತ್ತದೆ, ಬೆಳಿಗ್ಗೆ ಚೆನ್ನಾಗಿ ಬರುತ್ತಿದ್ದ ಲೆನ್ಸ್ ಊಟದ ನಂತರ ಕಿತ್ತಳೆ ಸಿಪ್ಪೆಯಂತಾಗುತ್ತದೆ. ಫೈನಿಂಗ್ ಯಂತ್ರದಿಂದ ಬಂದ ಒಂದೇ ಒಂದು ಒರಟು ಕಣ ಪಾಲಿಶ್ ತೊಟ್ಟಿಗೆ ಬಿದ್ದರೆ ದಿನವಿಡೀ ಗೀರು. ಫೈನಿಂಗ್ ಮುಗಿದ ಲೆನ್ಸನ್ನು ತೊಳೆಯದೆ ಪಾಲಿಶ್‌ಗೆ ಕೊಡುವವನನ್ನು ಆ ಮೇಜಿನಿಂದ ಎಬ್ಬಿಸಿ.

ಎಡ್ಜರ್ ಆಯ್ಕೆ ಹೇಗೆ?

ಫಿಟ್ಟಿಂಗ್ ಲ್ಯಾಬ್ ಆಗಲಿ ಸರ್ಫೇಸಿಂಗ್ ಲ್ಯಾಬ್ ಆಗಲಿ, ಗ್ರಾಹಕನ ಕಣ್ಣಿಗೆ ಬೀಳುವುದು ಎಡ್ಜರ್‌ನ ಕೆಲಸವೇ. ಪವರ್‌ನಲ್ಲಿ 0.12 ವ್ಯತ್ಯಾಸವಾದರೆ ಅನೇಕರು ಗಮನಿಸುವುದಿಲ್ಲ, ಫ್ರೇಮ್ ಮತ್ತು ಲೆನ್ಸ್ ನಡುವೆ ಬಿರುಕು ಕಂಡರೆ ಅಲ್ಲೇ ಕನ್ನಡಕ ವಾಪಸ್ಸು ಇಡುತ್ತಾರೆ.

ಅಚ್ಚು ಇಟ್ಟು ಕತ್ತರಿಸುವ ಕಾಲ ಮುಗಿಯಿತು. ಈಗ ಟ್ರೇಸರ್ ಎಂಬುದು ಫ್ರೇಮ್‌ನ ಒಳ ಅಂಚಿನ ತೋಡಿನಲ್ಲಿ ಸೂಜಿಯನ್ನು ಸುತ್ತಿಸಿ ನೂರಾರು ಬಿಂದುಗಳಲ್ಲಿ ಆಕಾರವನ್ನು ಓದಿ ಎಡ್ಜರ್‌ಗೆ ಕಳಿಸುತ್ತದೆ. ನಿಮ್ಮ ಪಟ್ಟಿಯಲ್ಲಿ ಫ್ರೇಮ್‌ಗಳು ಯಾವ ಬಗೆಯವು ಎಂದು ನೋಡಿ ಯಂತ್ರವನ್ನು ನಿರ್ಧರಿಸಿ. ಪೂರ್ಣ ಚೌಕಟ್ಟಿಗೆ ವಿ ಆಕಾರದ ಅಂಚು ಸಾಕು. ಅರ್ಧ ಚೌಕಟ್ಟಿಗೆ ಚಪ್ಪಟೆ ಅಂಚು ಮತ್ತು ದಾರ ಕೂರುವ ತೋಡು ಬೇಕು. ಚೌಕಟ್ಟೇ ಇಲ್ಲದ್ದಕ್ಕೆ ತೂತು ಕೊರೆಯಬೇಕು. ತಿಂಗಳಿಗೆ ಐದೇ ರಿಮ್‌ಲೆಸ್ ಬರುವವರಿಗೆ ಕೈಯಿಂದ ಕೊರೆಯುವ ಚಿಕ್ಕ ಡ್ರಿಲ್ ಸಾಕು. ಅದಕ್ಕಾಗಿ ಎಡ್ಜರ್‌ನೊಳಗೇ ಡ್ರಿಲ್ ಇರುವ ಮಾದರಿ ಕೊಂಡರೆ ಮೂಗಿಗಿಂತ ಮೂಗುತಿ ಭಾರ.

ಇನ್ನು, ಲೆನ್ಸ್ ಜಾರುವ ವಿಷಯ. ಈಗಿನ ಲೆನ್ಸ್‌ಗಳ ಕೋಟಿಂಗ್ ನೀರು, ಎಣ್ಣೆ ಯಾವುದನ್ನೂ ನಿಲ್ಲಿಸಿಕೊಳ್ಳುವುದಿಲ್ಲ, ಎಡ್ಜರ್‌ನ ಅಂಟುಪಟ್ಟಿಯನ್ನೂ ಅಷ್ಟೇ. ಚಕ್ರ ತಾಗಿದಾಗ ಲೆನ್ಸ್ ಹಿಡಿಕೆಯೊಳಗೇ ಒಂದಿಷ್ಟು ತಿರುಗುತ್ತದೆ. 3.00 ಸಿಲಿಂಡರ್ ಇರುವ ಲೆನ್ಸ್ 5 ಡಿಗ್ರಿ ತಿರುಗಿದರೆ ಕಣ್ಣಿಗೆ ಸುಮಾರು ಅರ್ಧ ಡಯಾಪ್ಟರ್ ಸಿಲಿಂಡರ್ ತಪ್ಪಾಗಿ ಉಳಿಯುತ್ತದೆ. 1.50ಕ್ಕಿಂತ ಹೆಚ್ಚಿನ ಸಿಲಿಂಡರ್‌ಗೆ ಅಮೆರಿಕದ ಆನ್ಸಿ ಝಡ್80.1 ಮಾನದಂಡ ಒಪ್ಪುವುದು 2 ಡಿಗ್ರಿಯ ತಪ್ಪನ್ನು ಮಾತ್ರ. ಆದ್ದರಿಂದ ಒತ್ತಡವನ್ನೂ ವೇಗವನ್ನೂ ಇಳಿಸಿ ನಿಧಾನವಾಗಿ ಕತ್ತರಿಸುವ, ಜಾರುವ ಲೆನ್ಸ್‌ಗೆಂದೇ ಇರುವ ಸುತ್ತು ಯಂತ್ರದಲ್ಲಿದೆಯೇ ಎಂದು ಕೇಳಿ. ಅದು ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ನಿಮ್ಮ ಕಣ್ಣಿನಿಂದಲೇ ನೋಡಿ: ಲೆನ್ಸ್‌ನ ಮೇಲೆ ಮಾರ್ಕರ್‌ನಿಂದ ಹಿಡಿಕೆಗೆ ಸರಿಯಾಗಿ ಒಂದು ಅಡ್ಡಗೆರೆ ಎಳೆಯಿರಿ, ಕತ್ತರಿಸಿದ ಮೇಲೆ ಗೆರೆ ಹಿಡಿಕೆಯ ಗುರುತಿಗೆ ಹೊಂದಿಕೊಂಡೇ ಇದೆಯೇ ಪರೀಕ್ಷಿಸಿ. ಜಾರುವಿಕೆ ತಡೆಯುವ ತೆಳು ಸ್ಟಿಕರ್‌ಗಳೂ ಸಿಗುತ್ತವೆ. ಅದನ್ನು ಖರ್ಚೆಂದು ಎಣಿಸಬೇಡಿ.

ಲೆನ್ಸ್‌ನ ವಸ್ತು ಯಂತ್ರದ ಆಯ್ಕೆಯನ್ನು ಬದಲಿಸುತ್ತದೆಯೇ?

ಬಹಳ ಮಟ್ಟಿಗೆ. ಸಿಆರ್-39 ಸಾಧು ಪ್ರಾಣಿ, ಇಂಡೆಕ್ಸ್ 1.498, ನೀರು ಹಾಕಿ ಕತ್ತರಿಸಿದರೆ ಪುಡಿಪುಡಿಯಾಗಿ ಹೋಗುತ್ತದೆ. (39 ಎಂಬುದು ಕೊಲಂಬಿಯಾ ರೆಸಿನ್ ಎಂಬ ಸರಣಿಯ 39ನೇ ಸೂತ್ರದ ಗುರುತು.) ಪಾಲಿಕಾರ್ಬೊನೇಟ್‌ನ ಸ್ವಭಾವ ಪೂರ್ತಿ ಬೇರೆ. ಅದು ಪುಡಿಯಾಗುವುದಿಲ್ಲ, ಬಿಸಿಗೆ ಮೆತ್ತಗಾಗಿ ದಾರದಂತೆ, ಹತ್ತಿಯಂತೆ ಎದ್ದು ಚಕ್ರಕ್ಕೂ ಕೊಳವೆಗೂ ಸುತ್ತಿಕೊಳ್ಳುತ್ತದೆ. ಎಡ್ಜರ್‌ನಲ್ಲಿ ಒಣಗಿದಂತೆಯೇ ಒರಟು ಕತ್ತರಿಸಿ ಕೊನೆಗೆ ಮಾತ್ರ ನೀರು ಬಿಡುವ ಪ್ರತ್ಯೇಕ ಸುತ್ತು ಇರಬೇಕು. ಜನರೇಟರ್‌ನ ಕಸ ಎಳೆಯುವ ವ್ಯಾಕ್ಯೂಮ್ ಕೂಡ ಬಲವಾಗಿರಬೇಕು. ಪಾಲಿಕಾರ್ಬೊನೇಟ್‌ನ ಬರಿಯ ಮೇಲ್ಮೈಗೆ ಉಗುರು ತಾಗಿದರೂ ಗೀರು ಬೀಳುತ್ತದೆ. ಆದ್ದರಿಂದ ಅದನ್ನು ಸರ್ಫೇಸಿಂಗ್ ಮಾಡುವ ಲ್ಯಾಬ್‌ಗೆ ಹಿಂಬದಿಯ ಹಾರ್ಡ್ ಕೋಟರ್ ಇರಲೇಬೇಕು.

1.67 ಮತ್ತು 1.74 ಇಂಡೆಕ್ಸ್‌ನ ಲೆನ್ಸ್‌ಗಳ ರಾಸಾಯನಿಕದಲ್ಲಿ ಗಂಧಕವಿದೆ. ಕತ್ತರಿಸುವಾಗ ಕೊಳೆತ ಮೊಟ್ಟೆಯ ವಾಸನೆ ಕೋಣೆ ತುಂಬುತ್ತದೆ. ಅಂಗಡಿಯ ಹಿಂಭಾಗದಲ್ಲಿ ಲ್ಯಾಬ್ ಇದ್ದರೆ ಕಾರ್ಬನ್ ಫಿಲ್ಟರ್ ಇರುವ ಹೊಗೆನಳಿಗೆ ಹಾಕಿಸಿ, ಇಲ್ಲವಾದರೆ ಮುಂದಿನ ಕೋಣೆಯಲ್ಲಿ ಫ್ರೇಮ್ ಆರಿಸುತ್ತಿರುವ ಗ್ರಾಹಕ ಮೂಗು ಮುಚ್ಚಿಕೊಂಡು ಹೊರನಡೆಯುತ್ತಾನೆ.

ಗಾಜಿನ ಲೆನ್ಸ್ ಮಾಡಬೇಕೇ?

ಖಾಯಂ ಗಿರಾಕಿ ಇದ್ದರೆ ಮಾತ್ರ. ಚಕ್ರ ಬೇರೆ, ಪಾಲಿಶ್‌ಗೆ ಸೀರಿಯಂ ಆಕ್ಸೈಡ್ ಬೇರೆ, ಗಟ್ಟಿಮಾಡುವ ಕುಲುಮೆಯೋ ರಾಸಾಯನಿಕ ತೊಟ್ಟಿಯೋ ಬೇರೆ. ಪ್ಲಾಸ್ಟಿಕ್ ಯಂತ್ರದಲ್ಲೇ ಒಂದೆರಡು ಗಾಜು ಹೊಡೆದುಬಿಡೋಣ ಎಂದು ಹೊರಡಬೇಡಿ.

ಕೋಟಿಂಗ್ ಯಂತ್ರವನ್ನೂ ಕೊಂಡುಬಿಡೋಣವೇ?

ಹಾರ್ಡ್ ಕೋಟ್‌ಗೆ ಹೌದು. ಲೆನ್ಸ್ ತಿರುಗುವಾಗ ಲ್ಯಾಕರ್ ಸುರಿದು ನೇರಳಾತೀತ ಬೆಳಕಿನಲ್ಲಿ ಗಟ್ಟಿಮಾಡುವ ಸ್ಪಿನ್ ಕೋಟರ್ ಚಿಕ್ಕ ಮೇಜಿನಷ್ಟು ಜಾಗ ಕೇಳುತ್ತದೆ, ಒಂದೊಂದೇ ಲೆನ್ಸ್ ಮಾಡಬಹುದು. ಆ ಮೇಜಿನ ಸುತ್ತ ಧೂಳು ಮಾತ್ರ ಇರಬಾರದು.

ಪ್ರತಿಫಲನ ತಡೆಯುವ ಎಆರ್ ಕೋಟಿಂಗ್ ಆಮೇಲಿನ ಮಾತು. ನಿರ್ವಾತ ಕೋಣೆಯೊಳಗೆ ಸಿಲಿಕಾ, ಜಿರ್ಕೋನಿಯಾದಂಥ ವಸ್ತುಗಳನ್ನು ಆವಿ ಮಾಡಿ ಮೈಕ್ರಾನ್‌ಗಿಂತ ತೆಳುವಾದ ಪದರಗಳನ್ನು ಒಂದರ ಮೇಲೊಂದು ಕೂರಿಸುವ ಕೆಲಸ ಅದು. ಯಂತ್ರದ ಜೊತೆಗೆ ಅಲ್ಟ್ರಾಸೋನಿಕ್ ತೊಳೆಯುವ ಸಾಲು, ಲೆನ್ಸ್‌ನೊಳಗಿನ ತೇವ ತೆಗೆಯುವ ಓವನ್, ಸ್ವಚ್ಛ ಕೋಣೆ, ಪಂಪ್‌ಗಳ ನಿರ್ವಹಣೆ ಎಲ್ಲವೂ ಬರುತ್ತವೆ. ಒಂದು ಸುತ್ತಿಗೆ ಹತ್ತಾರು ಲೆನ್ಸ್ ತುಂಬಿದರೆ ಮಾತ್ರ ಅದರ ಲೆಕ್ಕ ಕೂಡುತ್ತದೆ. ದಿನಕ್ಕೆ ಎಂಟು ಜೋಡಿಗೆ ಎಆರ್ ಬೇಕಾದವರು ಯಂತ್ರ ತುಂಬುವವರೆಗೆ ಗ್ರಾಹಕನನ್ನು ಕಾಯಿಸುತ್ತಾರೆ, ಇಲ್ಲವೇ ಅರೆ ಖಾಲಿ ಯಂತ್ರ ಓಡಿಸುತ್ತಾರೆ. ತೊಳೆಯುವಾಗ ಒಂದು ತಪ್ಪಾದರೆ ಇಡೀ ತಂಡದ ಲೆನ್ಸ್‌ಗಳ ಕೋಟಿಂಗ್ ಆರು ತಿಂಗಳ ನಂತರ ಸುಲಿದುಕೊಂಡು ಬರುತ್ತದೆ. ಚಿಕ್ಕ ಲ್ಯಾಬ್‌ಗಳು ಇದನ್ನು ಹೊರಗೆ ಮಾಡಿಸುವುದರಲ್ಲಿ ನಾಚಿಕೆಯೇನೂ ಇಲ್ಲ.

ಅಳತೆಯ ಉಪಕರಣಗಳಲ್ಲಿ ಯಾವುದು ಅನಿವಾರ್ಯ?

ಲೆನ್ಸೋಮೀಟರ್ ಎರಡು ಇರಲಿ, ಒಂದು ಆಟೊಮ್ಯಾಟಿಕ್, ಇನ್ನೊಂದು ಕಣ್ಣಿಟ್ಟು ನೋಡುವ ಹಳೆಯದು. ಆಟೊಮ್ಯಾಟಿಕ್ ವೇಗವಾಗಿ ಸಂಖ್ಯೆ ಕೊಡುತ್ತದೆ. ಹಳೆಯದರಲ್ಲಿ ಗೆರೆಗಳು ಮಸುಕಾಗಿ, ಡೊಂಕಾಗಿ ಕಂಡರೆ ಮೇಲ್ಮೈ ಕೆಟ್ಟಿದೆ ಎಂದು ಕಣ್ಣಿಗೇ ಗೊತ್ತಾಗುತ್ತದೆ. ಆಟೊಮ್ಯಾಟಿಕ್ ಅದನ್ನು ಸರಾಸರಿ ಮಾಡಿ ಮುಚ್ಚಿಹಾಕಬಲ್ಲದು. ಪವರ್ ತಿಳಿದಿರುವ ಒಂದು ಲೆನ್ಸನ್ನು ಡಬ್ಬಿಯಲ್ಲಿಟ್ಟು ಪ್ರತಿದಿನ ಬೆಳಿಗ್ಗೆ ಎರಡರಲ್ಲೂ ಅಳೆಯಿರಿ.

ಜೊತೆಗೆ ದಪ್ಪ ಅಳೆಯುವ ಕ್ಯಾಲಿಪರ್, ಲೆನ್ಸ್ ಕ್ಲಾಕ್, ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಕನ್ನಡಕ ಹಿಡಿದು ನೋಡುವ ಪೋಲರಿಸ್ಕೋಪ್. ಲೆನ್ಸ್ ಕೂದಲೆಳೆಯಷ್ಟು ದೊಡ್ಡದಾಗಿ ಕತ್ತರಿಸಿ ಫ್ರೇಮ್‌ಗೆ ತುರುಕಿದ್ದರೆ ಅಂಚಿನಲ್ಲಿ ಬಿಳಿ ಜ್ವಾಲೆಯಂಥ ಗೆರೆಗಳು ಎದ್ದು ಕಾಣುತ್ತವೆ. ಅಷ್ಟು ಅಗ್ಗದ ಉಪಕರಣ ಅಷ್ಟೊಂದು ಸತ್ಯ ಹೇಳುವುದು ಅಪರೂಪ.

ಹಣವೇ ಬೇಡದ ಪರೀಕ್ಷೆಯೂ ಒಂದಿದೆ. ಕತ್ತಲೆ ಕೋಣೆಯಲ್ಲಿ ಒಂದೇ ಚಿಕ್ಕ ಪ್ರಖರ ದೀಪ ಹಚ್ಚಿ, ಲೆನ್ಸನ್ನು ಅಡ್ಡ ಹಿಡಿದು, ಬಿಳಿ ಗೋಡೆಯ ಮೇಲೆ ಬೀಳುವ ನೆರಳನ್ನು ನೋಡಿ. ಚೆನ್ನಾಗಿ ಪಾಲಿಶ್ ಆದ ಲೆನ್ಸ್‌ನ ನೆರಳು ಒಂದೇ ಸಮನಾಗಿರುತ್ತದೆ. ಗುಂಡುಗುಂಡಾಗಿ ಉಂಗುರಗಳು ಕಂಡರೆ ಕಡೆದ ಗುರುತು ಪಾಲಿಶ್‌ನಲ್ಲಿ ಹೋಗಿಲ್ಲ. ಸರಿಯಾಗಿ ನಡುವೆ ಹೊಕ್ಕುಳಿನಂಥ ಚುಕ್ಕೆ ಕಂಡರೆ ಜನರೇಟರ್‌ನ ಮೊನೆ ಕೇಂದ್ರದಿಂದ ಸರಿದಿದೆ. ಲೆನ್ಸೋಮೀಟರ್ ಇದರಲ್ಲಿ ಯಾವುದನ್ನೂ ಹೇಳುವುದಿಲ್ಲ.

ಫ್ರೀಫಾರ್ಮ್ ಲೆನ್ಸ್ ಅಳೆಯುವಾಗ ಒಂದು ಎಚ್ಚರ. ಕನ್ನಡಕ ಮುಖದ ಮೇಲೆ ಕೂರುವ ಓರೆಯನ್ನು ಗಣಿಸಿ ಸಾಫ್ಟ್‌ವೇರ್ ಪವರ್‌ಗಳನ್ನು ತುಸು ಬದಲಿಸಿರುತ್ತದೆ. ಲೆನ್ಸೋಮೀಟರ್‌ನ ಅಂಕಿಯನ್ನು ಲ್ಯಾಬ್‌ನ ಆರ್ಡರ್ ಚೀಟಿಯ ಮೇಲಿನ ಈ ಬದಲಾದ ಪವರ್‌ಗೆ ಹೋಲಿಸಬೇಕು, ವೈದ್ಯರು ಬರೆದದ್ದಕ್ಕಲ್ಲ. ಸರಿಯಿದ್ದ ಲೆನ್ಸನ್ನೇ ತಪ್ಪೆಂದು ಎಸೆದವರನ್ನು ನೋಡಿದ್ದೇನೆ.

ಬೇರೆ ಬೇರೆ ಕಂಪನಿಯ ಯಂತ್ರಗಳು ಒಟ್ಟಿಗೆ ಕೆಲಸ ಮಾಡುತ್ತವೆಯೇ?

ಮಾಡಬೇಕು. ಟ್ರೇಸರ್, ಬ್ಲಾಕರ್, ಜನರೇಟರ್, ಎಡ್ಜರ್ ಪರಸ್ಪರ ಮಾತನಾಡಲು ಈ ಉದ್ಯಮದಲ್ಲಿ ಒಂದು ಸಾಮಾನ್ಯ ಭಾಷೆ ಇದೆ. ಎಲ್ಲರೂ ಅದನ್ನು ಒಎಂಎ ಎಂದು ಕರೆಯುತ್ತಾರೆ. ಸರ್ಫೇಸಿಂಗ್‌ನಲ್ಲಿ ಸ್ಯಾಟಿಸ್‌ಲೋ, ಷ್ನೈಡರ್, ಕೋಬರ್ನ್, ಎಡ್ಜರ್‌ನಲ್ಲಿ ನಿಡೆಕ್, ಹುವಿಟ್ಸ್ ಹೀಗೆ ಯಾರದ್ದನ್ನೇ ನೋಡುತ್ತಿರಿ, ‘ಒಎಂಎ ಬೆಂಬಲ ಇದೆ’ ಎಂಬ ಮಾತನ್ನು ಬಾಯಲ್ಲಿ ಕೇಳಿ ಸುಮ್ಮನಾಗಬೇಡಿ. ನಿಮ್ಮ ಸಾಫ್ಟ್‌ವೇರ್‌ನಿಂದ ಒಂದು ಆರ್ಡರ್ ಕಳಿಸಿ, ಯಂತ್ರ ಅದನ್ನು ಎತ್ತಿಕೊಂಡು ಲೆನ್ಸ್ ಮುಗಿಸಿ ವರದಿ ಮರಳಿಸುವವರೆಗೆ ನಿಂತು ನೋಡಿ. ಇಲ್ಲದಿದ್ದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗಿ, ಪ್ರತಿ ಆರ್ಡರ್‌ನ ಅಂಕಿಗಳನ್ನು ಕೈಯಿಂದ ಎರಡೆರಡು ಸಲ ತುಂಬಿಸುವ ಗತಿ ಬರುತ್ತದೆ. ಕೈಯಿಂದ ತುಂಬಿಸಿದ ಕಡೆಯೆಲ್ಲ 10 ಡಿಗ್ರಿ ಆಕ್ಸಿಸ್ 100 ಆಗಿಬಿಡುವ ಸಾಧ್ಯತೆ ಇದ್ದೇ ಇದೆ.

ಕ್ಯಾಟಲಾಗ್‌ನಲ್ಲಿ ಗಂಟೆಗೆ ಇಷ್ಟು ಲೆನ್ಸ್ ಎಂದಿರುತ್ತದೆ. ನಂಬಬಹುದೇ?

ಆ ಒಂದು ಯಂತ್ರದ ಮಟ್ಟಿಗೆ ನಿಜವಿರಬಹುದು. ಲ್ಯಾಬ್‌ನ ವೇಗ ಅದಲ್ಲ. ಜನರೇಟರ್ ಒಂದು ಜೋಡಿಯನ್ನು 3 ನಿಮಿಷದಲ್ಲಿ ಕಡೆದು, ಪಾಲಿಶ್‌ಗೆ 8 ನಿಮಿಷ ಹಿಡಿದರೆ, 480 ನಿಮಿಷದ ದಿನಕ್ಕೆ 60 ಜೋಡಿಯೇ ಮಿತಿ. ಅದರಲ್ಲಿ ಪ್ಯಾಡ್ ಬದಲಾವಣೆ, ತೊಳೆಯುವುದು, ಮತ್ತೆ ಮಾಡಬೇಕಾದ ಲೆನ್ಸ್‌ಗಳು ಕಳೆದರೆ 40 ಉಳಿದರೂ ಸಂತೋಷಪಡಿ. ಇನ್ನೂ ವೇಗದ ಜನರೇಟರ್ ಕೊಂಡರೆ ಪಾಲಿಶ್ ಯಂತ್ರದ ಮುಂದೆ ಟ್ರೇಗಳ ಸಾಲು ಉದ್ದವಾಗುತ್ತದೆ, ಅಷ್ಟೇ.

ಬಳಸಿದ ಯಂತ್ರ ಕೊಳ್ಳಬಹುದೇ?

ಕೊಳ್ಳಬಹುದು, ನಾನೂ ಕೊಂಡಿದ್ದೇನೆ, ಕೈಯನ್ನೂ ಸುಟ್ಟುಕೊಂಡಿದ್ದೇನೆ. ಮುಚ್ಚುತ್ತಿದ್ದ ಲ್ಯಾಬ್ ಒಂದರಿಂದ ಜನರೇಟರ್ ತಂದೆ. ಹೊರಮೈ ಫಳಫಳ ಹೊಳೆಯುತ್ತಿತ್ತು. ಕೂರಿಸಿ ಆನ್ ಮಾಡಿದರೆ ಪರದೆಯ ಮೇಲೆ ಪಾಸ್‌ವರ್ಡ್ ಕೇಳಿತು. ಸಾಫ್ಟ್‌ವೇರ್ ಪರವಾನಗಿ ಹಳೆಯ ಮಾಲೀಕರ ಹೆಸರಿನಲ್ಲಿತ್ತು, ಅದು ವರ್ಗವಾಗುವುದಿಲ್ಲವೆಂದು ತಯಾರಕರು ಕೈ ತೊಳೆದುಕೊಂಡರು. ನಾಲ್ಕು ತಿಂಗಳು ಆ ಯಂತ್ರದ ಮೇಲೆ ನಾವು ಫ್ರೇಮ್ ಡಬ್ಬಿಗಳನ್ನು ಜೋಡಿಸಿಟ್ಟಿದ್ದೆವು.

ಆದ್ದರಿಂದ ಕೇಳಬೇಕಾದವು: ಪರವಾನಗಿ ಬರಹದಲ್ಲಿ ವರ್ಗವಾಗುತ್ತದೆಯೇ, ಈ ಮಾದರಿಗೆ ಬಿಡಿಭಾಗಗಳು ಇನ್ನೂ ತಯಾರಾಗುತ್ತಿವೆಯೇ, ಒಳಗಿನ ಕಂಪ್ಯೂಟರ್ ಕೆಟ್ಟರೆ ಬದಲಿ ಸಿಗುತ್ತದೆಯೇ, ಸ್ಪಿಂಡಲ್ (ತಿರುಗುವ ದಂಡ) ಎಷ್ಟು ಗಂಟೆ ಓಡಿದೆ. ವಿದ್ಯುತ್ ಸಂಪರ್ಕವಿರುವ ಜಾಗದಲ್ಲೇ ಓಡಿಸಿ ನೋಡಿ. ಸ್ಪಿಂಡಲ್ ಬೆಚ್ಚಗಾದ ಮೇಲೆ, ಅರ್ಧ ಗಂಟೆ ಕಳೆದು, ಕಡೆದ ಲೆನ್ಸನ್ನು ಮೊದಲ ಲೆನ್ಸ್‌ನೊಂದಿಗೆ ಹೋಲಿಸಿ. ಹಳೆಯ ಯಂತ್ರಗಳು ಮೊದಲ ಹತ್ತು ನಿಮಿಷ ಎಲ್ಲವೂ ಸಭ್ಯವಾಗಿಯೇ ವರ್ತಿಸುತ್ತವೆ.

ಕೈಯಿಂದ ನಡೆಸುವ ಲೆನ್ಸೋಮೀಟರ್, ಹಸ್ತ ಎಡ್ಜರ್, ಫೈನಿಂಗ್ ಯಂತ್ರಗಳನ್ನು ಧೈರ್ಯವಾಗಿ ಬಳಸಿದ್ದನ್ನೇ ಕೊಳ್ಳಿ.

ಕೋಣೆ ಹೇಗಿರಬೇಕು?

ನೀರು, ಕಸ, ಸದ್ದು ಇರುವ ಸರ್ಫೇಸಿಂಗ್ ಒಂದು ಬದಿ, ಕೋಟಿಂಗ್ ಮತ್ತು ತಪಾಸಣೆ ಇನ್ನೊಂದು ಬದಿ, ನಡುವೆ ಗೋಡೆ. ಯಂತ್ರ ಸಾಗಿಸುವ ಬಾಗಿಲಿನ ಅಗಲವನ್ನೂ ನೆಲದ ಬಲವನ್ನೂ ಮುಂಗಡ ಕೊಡುವ ಮೊದಲೇ ಅಳೆಯಿರಿ. ಜನರೇಟರ್‌ಗೆ ತ್ರೀ ಫೇಸ್ ಬೇಕೇ ಎಂದು ಕೇಳಿ. ಕಡೆಯುವ ಮಧ್ಯದಲ್ಲಿ ವಿದ್ಯುತ್ ನಿಂತರೆ ಲೆನ್ಸ್ ಹೋಗುತ್ತದೆ, ಕೆಲವೊಮ್ಮೆ ವಜ್ರದ ಮೊನೆಯೂ. ಕಂಪ್ರೆಸರ್‌ಗೆ ಡ್ರೈಯರ್ ಜೋಡಿಸದಿದ್ದರೆ ಗಾಳಿಯ ಜೊತೆ ಬರುವ ನೀರು ಮತ್ತು ಎಣ್ಣೆ ಯಂತ್ರದ ವಾಲ್ವ್‌ಗಳನ್ನು ತಿನ್ನುತ್ತದೆ, ಕೋಟಿಂಗ್ ಮೇಲೆ ಕಲೆಯನ್ನೂ ಬಿಡುತ್ತದೆ. ಕಡೆದ ಕಸ ಚರಂಡಿಗೆ ಹೋದರೆ ಒಂದೇ ತಿಂಗಳಲ್ಲಿ ಪೈಪ್ ಕಲ್ಲಾಗುತ್ತದೆ. ಕಸ ತಂಗುವ ತೊಟ್ಟಿಯೊಂದನ್ನು ನಡುವೆ ಕಟ್ಟಿಸಿ.

ಡೆಮೊ ನೋಡಲು ಕರೆದಿದ್ದಾರೆ. ಏನು ಕೊಂಡೊಯ್ಯಲಿ?

ನಿಮ್ಮದೇ ಬ್ಲ್ಯಾಂಕ್‌ಗಳನ್ನು. ಅವರು ತೋರಿಸುವ ಲೆನ್ಸ್ ಯಾವಾಗಲೂ 2.00 ಪವರ್‌ನ ಸುಲಭದ್ದಾಗಿರುತ್ತದೆ. ನೀವು ನಾಲ್ಕು ಕಷ್ಟದವನ್ನು ಹಿಡಿದುಕೊಂಡು ಹೋಗಿ: ಪಾಲಿಕಾರ್ಬೊನೇಟ್‌ನಲ್ಲಿ ಮೈನಸ್ 8.00, ಸಿಆರ್-39ರಲ್ಲಿ ಪ್ಲಸ್ 6.00, ಯಾವುದಾದರೂ ವಸ್ತುವಿನಲ್ಲಿ 4.00 ಸಿಲಿಂಡರ್, ಜಾರುವ ಕೋಟಿಂಗ್ ಇರುವ ಒಂದು ಸ್ಟಾಕ್ ಲೆನ್ಸ್ ಮತ್ತು ಅದಕ್ಕೆ ಚೂಪು ಮೂಲೆಗಳಿರುವ ಒಂದು ಲೋಹದ ಫ್ರೇಮ್. ಒಂದೇ ಲೆನ್ಸನ್ನು ಐದು ಸಲ ಮಾಡಿಸಿ, ಐದರ ಪವರ್, ದಪ್ಪ, ಪ್ರಿಸಂ ಬರೆದುಕೊಳ್ಳಿ. ಒಮ್ಮೆ ಚೆನ್ನಾಗಿ ಬರುವುದು ಯಂತ್ರದ ಗುಣವಲ್ಲ, ಐದೂ ಒಂದೇ ಥರ ಬರುವುದು ಗುಣ. ಅಲ್ಲಿನ ತಂತ್ರಜ್ಞನ ಬದಲು ನಿಮ್ಮ ಹುಡುಗನೇ ಒಂದು ಲೆನ್ಸ್ ಮಾಡಲಿ. ಕಿಸೆಯಲ್ಲಿ ಚಿಕ್ಕ ಟಾರ್ಚ್ ಇರಲಿ, ಗೋಡೆಯ ಮೇಲೆ ನೆರಳು ನೋಡಲು.

ಬೆಲೆಯ ಮಾತುಕತೆಯಲ್ಲಿ ಏನನ್ನು ಬಿಡಬಾರದು?

ರಿಯಾಯಿತಿಗಿಂತ ಮೊದಲು ರಿಪೇರಿಯವನು ಎಷ್ಟು ಗಂಟೆಯಲ್ಲಿ ಬರುತ್ತಾನೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ತರಬೇತಿ ಇಬ್ಬರಿಗೆ ಕೇಳಿ. ಕಲಿತ ಒಬ್ಬನು ಕೆಲಸ ಬಿಟ್ಟುಹೋಗುವುದು ಸಾಮಾನ್ಯವಾಗಿ ಮೂರನೇ ತಿಂಗಳಲ್ಲಿ. ಯಂತ್ರದ ಜೊತೆಗೇ ಒಂದು ಪೆಟ್ಟಿಗೆ ಬಿಡಿಭಾಗ ಬರಲಿ: ಬೆಲ್ಟ್‌ಗಳು, ನೀರಿನ ಪಂಪ್, ಸೀಲ್‌ಗಳು, ಒಂದು ಹೆಚ್ಚುವರಿ ವಜ್ರದ ಮೊನೆ, ಎಡ್ಜರ್‌ನ ಒರಟು ಚಕ್ರ, ಅದನ್ನು ಹರಿತ ಮಾಡುವ ಕಲ್ಲು, ಟ್ರೇಸರ್‌ನ ಸೂಜಿ. ಸೂಜಿಯನ್ನು ಎರಡು ಇಟ್ಟುಕೊಳ್ಳಿ, ಅದು ಬೀಳುತ್ತಲೇ ಇರುತ್ತದೆ.